ಗಣಿಯ ಕತ್ತಲಿಗೆ ದೀಪ ಕೊಟ್ಟ ಜಾರ್ಜ್ ಸ್ಟೀಫನ್‌ಸನ್



ರೈಲು ಎಂಜಿನ್ ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ನಮ್ಮ ಮಕ್ಕಳು ಜಾರ್ಜ್ ಸ್ಟೀಫನ್‌ಸನ್ ಎಂದು ಥಟ್ಟನೆ ಉತ್ತರಿಸುತ್ತಾರೆ. ಆ ಉತ್ತರ ಪೂರ್ತಿ ಸರಿಯಲ್ಲ. ಹಳಿಯ ಮೇಲೆ ಉಗಿ ಎಂಜಿನ್ ಓಡಿಸಿ ಮೊದಲು ತೋರಿಸಿದವರು ರಿಚರ್ಡ್ ಟ್ರೆವಿಥಿಕ್, ಅದು 1804ರಲ್ಲಿ. ಸ್ಟೀಫನ್‌ಸನ್ ಅವರು ಆ ಎಂಜಿನ್ನನ್ನು ಸುಧಾರಿಸಿ, ಜನ ನಂಬಿ ಹತ್ತುವಂತಹ ರೈಲು ಮಾರ್ಗಗಳನ್ನು ಕಟ್ಟಿದವರು. ಆದರೆ ರೈಲಿನಿಂದ ಅವರ ಹೆಸರು ಲೋಕಕ್ಕೆ ತಿಳಿಯುವ ಎಷ್ಟೋ ವರ್ಷ ಮೊದಲೇ ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದ್ದರು. ಕಲ್ಲಿದ್ದಲು ಗಣಿಯ ಕೂಲಿಕಾರರು ಬೆಂಕಿಗೆ ಸಿಕ್ಕಿ ಸಾಯದಿರಲಿ ಎಂದು ಒಂದು ದೀಪ ತಯಾರಿಸಿದ್ದರು. ಆ ದೀಪ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಲು ಬೇರೆ ಯಾರನ್ನೂ ಕಳುಹಿಸದೆ ತಾವೇ ಗಣಿಯೊಳಗೆ ಹೋಗಿದ್ದರು.

ಹದಿನೆಂಟು ವರ್ಷದವರೆಗೆ ತಮ್ಮ ಹೆಸರನ್ನು ಬರೆಯಲೂ ಬಾರದಿದ್ದ ಒಬ್ಬ ಬಡ ಕಾರ್ಮಿಕರ ಮಗ ಇದನ್ನೆಲ್ಲ ಹೇಗೆ ಮಾಡಿದರು? ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ತಿಳಿಯಬೇಕಾದ ಜೀವನ ಇದು ಎಂದು ಭಾವಿಸಿ ಈ ಲೇಖನವನ್ನು ತಮ್ಮ ಮುಂದಿಡುತ್ತಿದ್ದೇನೆ.

ಒಂದು ಕೋಣೆಯ ಮನೆ

ಜಾರ್ಜ್ ಸ್ಟೀಫನ್‌ಸನ್ ಹುಟ್ಟಿದ್ದು 1781ರ ಜೂನ್ 9ರಂದು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನ್ಯೂಕ್ಯಾಸಲ್ ಪಟ್ಟಣದ ಹತ್ತಿರವಿರುವ ವೈಲಂ ಎಂಬ ಹಳ್ಳಿಯಲ್ಲಿ. ತಂದೆ ರಾಬರ್ಟ್, ತಾಯಿ ಮೇಬಲ್. ಇಬ್ಬರಿಗೂ ಓದುಬರಹ ಬಾರದು. ತಂದೆಯದು ಗಣಿಯಲ್ಲಿ ನೀರೆತ್ತುವ ಯಂತ್ರದ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ಸಂಬಳ ಊಟಕ್ಕೇ ಸಾಲದು. ಇಡೀ ಸಂಸಾರ ಒಂದೇ ಕೋಣೆಯಲ್ಲಿ ವಾಸ. ಇಂತಹ ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ಮಾತೇ ಇರಲಿಲ್ಲ.

ಮನೆಯ ಮುಂದೆಯೇ ಮರದ ಹಳಿಗಳಿದ್ದವು. ಅವುಗಳ ಮೇಲೆ ಕುದುರೆಗಳು ಕಲ್ಲಿದ್ದಲಿನ ಬಂಡಿಗಳನ್ನು ಎಳೆದುಕೊಂಡು ನದಿಯ ಕಡೆಗೆ ಹೋಗುತ್ತಿದ್ದವು. ಹುಡುಗ ಜಾರ್ಜ್ ಬೆಳೆದದ್ದು ಇದನ್ನು ನೋಡುತ್ತಲೇ. ಮೊದಲು ದನ ಕಾಯುವ ಕೆಲಸ, ದಿನಕ್ಕೆ ಎರಡು ಪೆನ್ನಿ ಕೂಲಿ. ಆಮೇಲೆ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸ. ನಂತರ ತಂದೆಗೆ ಸಹಾಯಕನಾಗಿ ಒಲೆ ನೋಡಿಕೊಳ್ಳುವ ಕೆಲಸ. ಹದಿನೇಳನೆಯ ವಯಸ್ಸಿಗೆ ನೀರೆತ್ತುವ ಯಂತ್ರವೊಂದರ ಉಸ್ತುವಾರಿ ಸಿಕ್ಕಿತು. ತಂದೆಗಿಂತ ಮೇಲಿನ ಹುದ್ದೆ ಅದು. ಬಿಡುವಿದ್ದಾಗ ಜಾರ್ಜ್ ಯಂತ್ರವನ್ನು ಬಿಚ್ಚಿ, ಒರೆಸಿ, ಒಂದೊಂದು ಭಾಗವೂ ಏನು ಮಾಡುತ್ತದೆ ಎಂದು ನೋಡಿ ಮತ್ತೆ ಜೋಡಿಸುತ್ತಿದ್ದ. ಶಾಲೆಯ ಮುಖ ನೋಡದ ಆ ಹುಡುಗನಿಗೆ ಆ ಯಂತ್ರವೇ ಮೊದಲ ಪಾಠಪುಸ್ತಕವಾಯಿತು.

ಹದಿನೆಂಟರಲ್ಲಿ ಅಕ್ಷರಾಭ್ಯಾಸ

ಹೊಸ ಹೊಸ ಯಂತ್ರಗಳ ವಿಷಯ ಪುಸ್ತಕಗಳಲ್ಲಿ ಇದೆ ಎಂದು ಜಾರ್ಜ್ ಕೇಳಿದ. ಆದರೆ ಪುಸ್ತಕ ಕೈಗೆ ಸಿಕ್ಕರೂ ಓದಲು ಬಾರದು. ಆಗ ಅವನು ಒಂದು ತೀರ್ಮಾನಕ್ಕೆ ಬಂದ. ಹನ್ನೆರಡು ಗಂಟೆಗಳ ದುಡಿಮೆ ಮುಗಿಸಿ, ವಾರಕ್ಕೆ ಮೂರು ರಾತ್ರಿ, ವಾರಕ್ಕೆ ಮೂರು ಪೆನ್ನಿ ಶುಲ್ಕ ಕೊಟ್ಟು ರಾತ್ರಿ ಶಾಲೆಗೆ ಹೋಗತೊಡಗಿದ. ಹದಿನೆಂಟು ವರ್ಷದ ಗಟ್ಟಿಮುಟ್ಟಾದ ಯುವಕ ಚಿಕ್ಕ ಮಕ್ಕಳಂತೆ ಅಕ್ಷರ ತಿದ್ದಲು ಕುಳಿತ. ಒಂದು ವರ್ಷದಲ್ಲಿ ತನ್ನ ಹೆಸರು ಬರೆಯುವಷ್ಟು ಕಲಿತ. ಆಮೇಲೆ ಇನ್ನೊಬ್ಬ ಉಪಾಧ್ಯಾಯರ ಬಳಿ ಲೆಕ್ಕ ಕಲಿತ. ಉಪಾಧ್ಯಾಯರು ಸ್ಲೇಟಿನ ಮೇಲೆ ಹಾಕಿಕೊಟ್ಟ ಲೆಕ್ಕಗಳನ್ನು ಹಗಲು ಯಂತ್ರದ ಒಲೆಯ ಪಕ್ಕದಲ್ಲಿ ಕುಳಿತು ಬಿಡಿಸಿ, ಸಂಜೆ ಒಪ್ಪಿಸುತ್ತಿದ್ದ. ಜೊತೆಗೆ ಸಹೋದ್ಯೋಗಿಗಳ ಬೂಟು ಹೊಲಿದು, ಗಡಿಯಾರ ರಿಪೇರಿ ಮಾಡಿ ನಾಲ್ಕು ಕಾಸು ಕೂಡಿಸುತ್ತಿದ್ದ.

ವಯಸ್ಸಾಯಿತು, ಇನ್ನೇನು ಓದುವುದು ಎಂದು ಹೇಳುವ ನಮ್ಮ ಯುವಕರು ಈ ಸ್ಲೇಟನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಕಷ್ಟದ ಮೇಲೆ ಕಷ್ಟ

1802ರಲ್ಲಿ ಫ್ರಾನ್ಸಿಸ್ ಹೆಂಡರ್‌ಸನ್ ಅವರೊಂದಿಗೆ ಮದುವೆಯಾಯಿತು. 1803ರ ಅಕ್ಟೋಬರ್ 16ರಂದು ಮಗ ರಾಬರ್ಟ್ ಹುಟ್ಟಿದ. 1804ರಲ್ಲಿ ಸಂಸಾರ ಕಿಲ್ಲಿಂಗ್‌ವರ್ತ್ ಗಣಿಯ ಬಳಿಗೆ ಬಂದಿತು. ಮರುವರ್ಷ ಹುಟ್ಟಿದ ಹೆಣ್ಣು ಮಗು ಕೆಲವೇ ವಾರ ಬದುಕಿತು. 1806ರಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಕೊಂಡರು. ಚಿಕ್ಕ ಮಗನನ್ನು ನೆರೆಯವರ ಬಳಿ ಬಿಟ್ಟು ಸ್ಟೀಫನ್‌ಸನ್ ಕೆಲಸಕ್ಕಾಗಿ ಸ್ಕಾಟ್ಲೆಂಡಿಗೆ ಹೋದರು.

ಅಲ್ಲಿಂದ ಹಿಂತಿರುಗಿದಾಗ ಇನ್ನೊಂದು ಆಘಾತ ಕಾದಿತ್ತು. ತಂದೆ ಗಣಿಯ ಯಂತ್ರದ ಬಳಿ ಕೆಲಸ ಮಾಡುತ್ತಿದ್ದಾಗ ಬಿಸಿ ಉಗಿ ಮುಖಕ್ಕೆ ಹೊಡೆದು ಎರಡೂ ಕಣ್ಣು ಕಳೆದುಕೊಂಡಿದ್ದರು. ಆ ಕಾಲದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಪರಿಹಾರವಿಲ್ಲ, ಪಿಂಚಣಿ ಇಲ್ಲ. ಜೀವನವಿಡೀ ದುಡಿದವರು ಕಣ್ಣು ಹೋದ ದಿನವೇ ಬೀದಿಗೆ ಬಿದ್ದಂತೆ. ಸ್ಟೀಫನ್‌ಸನ್ ತಂದೆಯ ಸಾಲ ತೀರಿಸಿದರು, ತಂದೆತಾಯಿಯನ್ನು ತಮ್ಮ ಹತ್ತಿರ ಕರೆದುಕೊಂಡು ಬಂದು ಕೊನೆಯವರೆಗೆ ಸಾಕಿದರು. ಅದೇ ಸಮಯದಲ್ಲಿ ಸೈನ್ಯಕ್ಕೆ ಅವರ ಹೆಸರು ಚೀಟಿಯಲ್ಲಿ ಬಂದು, ಬದಲಿ ಆಳನ್ನು ಕಳುಹಿಸಲು ಉಳಿದ ಹಣವನ್ನೂ ಕೊಡಬೇಕಾಯಿತು.

ಓದುಗರೇ, ಗಣಿಯ ಅಪಘಾತ ಎಂಬುದು ಸ್ಟೀಫನ್‌ಸನ್ ಅವರಿಗೆ ಪತ್ರಿಕೆಯಲ್ಲಿ ಓದಿದ ಸುದ್ದಿಯಾಗಿರಲಿಲ್ಲ. ಅದು ಅವರ ಮನೆಯ ಮೂಲೆಯಲ್ಲಿ ಕುರುಡಾಗಿ ಕುಳಿತಿತ್ತು. ಮುಂದೆ ಅವರು ಮಾಡಿದ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಇದು ಮುಖ್ಯ.

ಕೆಟ್ಟ ಪಂಪು ತಂದ ಅದೃಷ್ಟ

1811ರಲ್ಲಿ ಕಿಲ್ಲಿಂಗ್‌ವರ್ತ್‌ನ ಒಂದು ಹೊಸ ಗಣಿಯಲ್ಲಿ ನೀರು ತುಂಬಿತು. ನೀರೆತ್ತಲು ಹಾಕಿದ ಯಂತ್ರ ಎಷ್ಟು ತಿಂಗಳು ನಡೆದರೂ ನೀರು ಇಳಿಯಲಿಲ್ಲ. ಹೆಸರುವಾಸಿ ಎಂಜಿನಿಯರುಗಳು ಬಂದು ನೋಡಿ ಸೋತರು. ಸ್ಟೀಫನ್‌ಸನ್ ತಾನು ಸರಿಮಾಡಬಲ್ಲೆ ಎಂದು ಮುಂದೆ ಬಂದರು. ಬೇರೆ ದಾರಿಯಿಲ್ಲದೆ ಗಣಿಯವರು ಒಪ್ಪಿದರು. ಅವರು ಯಂತ್ರವನ್ನು ಪೂರ್ತಿ ಬಿಚ್ಚಿ, ಬದಲಾವಣೆ ಮಾಡಿ ಜೋಡಿಸಿದರು. ಕೆಲವೇ ದಿನಗಳಲ್ಲಿ ಗಣಿ ಬರಿದಾಯಿತು. ಹತ್ತು ಪೌಂಡ್ ಬಹುಮಾನ ಸಿಕ್ಕಿತು. 1812ರಲ್ಲಿ ವರ್ಷಕ್ಕೆ 100 ಪೌಂಡ್ ಸಂಬಳದ ಮೇಲೆ ಆ ಗಣಿಯ ಎಲ್ಲ ಯಂತ್ರಗಳ ಮುಖ್ಯಸ್ಥರಾಗಿ ನೇಮಕವಾದರು.

ನೀರೆತ್ತುವುದು ಬರೀ ಲಾಭದ ವಿಷಯವಲ್ಲ ಎಂಬುದನ್ನು ಗಮನಿಸಬೇಕು. 1815ರ ಮೇ ತಿಂಗಳಿನಲ್ಲಿ ಅದೇ ಸೀಮೆಯ ಹೀಟನ್ ಗಣಿಗೆ ಪಕ್ಕದ ಹಳೆಯ ಗಣಿಯ ನೀರು ಒಡೆದು ನುಗ್ಗಿ 75 ಮಂದಿ ಸತ್ತರು. ನಮ್ಮ ದೇಶದಲ್ಲೂ 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್‌ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಪ್ರಾಣ ಕಳೆದುಕೊಂಡರು.

ಗಣಿಯೊಳಗಿನ ಕಾಣದ ಶತ್ರು

ಈಗ ಗಣಿಯೊಳಗಿನ ಅನಿಲದ ವಿಷಯಕ್ಕೆ ಬರೋಣ. ಕಲ್ಲಿದ್ದಲಿನ ಪದರಗಳ ಒಳಗೆ ಮೀಥೇನ್ ಎಂಬ ಅನಿಲ ಅಡಗಿರುತ್ತದೆ. ಕಲ್ಲಿದ್ದಲನ್ನು ಕಡಿದಾಗ ಅದು ಬಿರುಕುಗಳಿಂದ ಸುಯ್ಯೆಂದು ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 5ರಿಂದ 15ರವರೆಗೆ ಇದ್ದಾಗ ಒಂದು ಕಿಡಿ ಸಾಕು, ಗಣಿಯ ಸುರಂಗವೆಲ್ಲ ಫಿರಂಗಿಯ ನಳಿಗೆಯಂತೆ ಸಿಡಿಯುತ್ತದೆ. ಇಂಗ್ಲೆಂಡಿನ ಗಣಿಗಾರರು ಇದನ್ನು ಫೈರ್‌ಡ್ಯಾಂಪ್ ಎಂದು ಕರೆಯುತ್ತಿದ್ದರು. ಸ್ಫೋಟದಿಂದ ಬದುಕಿದವರನ್ನು ಆನಂತರ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ವಿಷ ಕೊಲ್ಲುತ್ತಿತ್ತು.

ಆದರೆ ಬೆಳಕಿಲ್ಲದೆ ಕೆಲಸ ಮಾಡುವುದು ಹೇಗೆ? ಅಂದಿನ ಗಣಿಗಾರರ ಬಳಿ ಇದ್ದದ್ದು ಮೇಣದ ಬತ್ತಿ. ಅನಿಲ ಹೆಚ್ಚಿರುವ ಕಡೆ ಒಬ್ಬ ಹುಡುಗ ಉಕ್ಕಿನ ಚಕ್ರವನ್ನು ಚಕಮಕಿ ಕಲ್ಲಿಗೆ ತಾಗಿಸಿ ತಿರುಗಿಸುತ್ತಿದ್ದ, ಅದರಿಂದ ಹಾರುವ ಕಿಡಿಗಳ ಬೆಳಕಿನಲ್ಲಿ ದೊಡ್ಡವರು ಕಡಿಯುತ್ತಿದ್ದರು. ಆ ಕಿಡಿಗಳಿಂದಲೂ ಸ್ಫೋಟಗಳಾದವು. ಕೊಳೆತ ಮೀನಿನ ಚರ್ಮದ ಮಂಕು ಹೊಳಪಿನಲ್ಲಿ ಕೆಲಸ ಮಾಡಿದವರೂ ಇದ್ದರು ಎಂದರೆ ಅವರ ಪರದಾಟವನ್ನು ತಾವೇ ಊಹಿಸಿ.

1812ರ ಮೇ 25ರಂದು ಫೆಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಸತ್ತರು. ಅವರಲ್ಲಿ ಎಳೆಯ ಬಾಲಕರೂ ಇದ್ದರು. ಒಳಗಿನ ಬೆಂಕಿ ಆರಲೆಂದು ಗಣಿಯ ಬಾಯಿ ಮುಚ್ಚಿ, ಶವಗಳನ್ನು ಹೊರತೆಗೆಯಲು ವಾರಗಟ್ಟಲೆ ಕಾಯಬೇಕಾಯಿತು. ಅಲ್ಲಿಯ ಪಾದ್ರಿ ಜಾನ್ ಹಾಡ್ಜ್‌ಸನ್ ಈ ದುರಂತದ ವಿವರ ಬರೆದು ಪ್ರಕಟಿಸಿದರು. ಸತ್ತ ಕೂಲಿಗಳ ವಿಷಯವನ್ನು ಬಾಯಿಬಿಟ್ಟು ಹೇಳದಿದ್ದ ಕಾಲದಲ್ಲಿ ಇದು ಧೈರ್ಯದ ಕೆಲಸ. 1813ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ಗಣಿ ಅಪಘಾತ ತಡೆಯುವ ಸಂಘವೊಂದು ಹುಟ್ಟಿತು. ವೈದ್ಯರಾದ ವಿಲಿಯಂ ಕ್ಲಾನಿ ತಿದಿಯಿಂದ ಗಾಳಿ ಊದುವ ಒಂದು ದೀಪ ಮಾಡಿದರು, ಆದರೆ ಅದು ಭಾರವಾಗಿ ಬಳಕೆಗೆ ಬರಲಿಲ್ಲ.

ಕಿಲ್ಲಿಂಗ್‌ವರ್ತ್‌ನಲ್ಲೂ ಸ್ಫೋಟಗಳಾಗಿದ್ದವು. 1814ರಲ್ಲಿ ಅಲ್ಲಿ ಬೆಂಕಿ ಹೊತ್ತಿಕೊಂಡಾಗ ಸ್ಟೀಫನ್‌ಸನ್ ಕೆಳಗಿಳಿದು, ಓಡುತ್ತಿದ್ದವರನ್ನು ನಿಲ್ಲಿಸಿ, ಇಟ್ಟಿಗೆಯ ಗೋಡೆ ಕಟ್ಟಿಸಿ ಬೆಂಕಿಗೆ ಗಾಳಿ ಸಿಗದಂತೆ ಮಾಡಿ ಆರಿಸಿದರು ಎಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ.

ದೀಪದ ಪರೀಕ್ಷೆ

ನಮ್ಮ ಹಳ್ಳಿಗಳಲ್ಲಿ ಪಾಳುಬಿದ್ದ ಬಾವಿಗೆ ಇಳಿಯುವ ಮುಂಚೆ ಹಿರಿಯರು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ, ಯಾರೂ ಇಳಿಯುತ್ತಿರಲಿಲ್ಲ. ಗಣಿಯಲ್ಲಿ ಸಮಸ್ಯೆ ಇದಕ್ಕಿಂತ ಕಠಿಣ. ಅಲ್ಲಿ ದೀಪ ಅಪಾಯವನ್ನು ತಿಳಿಸುವ ಮೊದಲೇ ತಾನೇ ಅಪಾಯವಾಗಿಬಿಡುತ್ತದೆ. ಬೆಳಕು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು, ಆದರೆ ಜ್ವಾಲೆ ಮಾತ್ರ ಹೊರಗೆ ದಾಟಬಾರದು. ಇದೇ ಒಗಟು.

ಸ್ಟೀಫನ್‌ಸನ್ ಅವರಿಗೆ ರಸಾಯನಶಾಸ್ತ್ರ ತಿಳಿಯದು. ಪ್ರಯೋಗಶಾಲೆಯೂ ಇರಲಿಲ್ಲ. ಅವರು ಗಣಿಯೊಳಗೇ ಅನಿಲ ಬರುವ ಬಿರುಕುಗಳ ಬಳಿ ಉರಿಯುವ ಬತ್ತಿ ಹಿಡಿದು ಜ್ವಾಲೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರು. ಸುಟ್ಟ ಗಾಳಿ ಸುತ್ತಿಕೊಂಡರೆ ಜ್ವಾಲೆ ಆರುತ್ತದೆ, ಸಣ್ಣ ಕೊಳವೆಯ ಮೂಲಕ ಜ್ವಾಲೆ ಹಿಂದಕ್ಕೆ ಓಡಲಾರದು ಎಂದು ಕಂಡುಕೊಂಡರು. ಗಾಜಿನ ಚಿಮಣಿಯ ಒಳಗೆ ಬತ್ತಿ, ಕೆಳಗಿನಿಂದ ಕಿರಿದಾದ ಕೊಳವೆಯಲ್ಲಿ ಮಾತ್ರ ಗಾಳಿ ಬರುವಂತೆ ಒಂದು ದೀಪದ ನಕ್ಷೆಯಾಯಿತು. ಗಣಿಯ ಅಧಿಕಾರಿ ನಿಕೋಲಸ್ ವುಡ್ ನಕ್ಷೆ ಬರೆಯಲು ನೆರವಾದರು. ನ್ಯೂಕ್ಯಾಸಲ್‌ನ ತಗಡು ಕೆಲಸದವರು ದೀಪ ತಯಾರಿಸಿಕೊಟ್ಟರು.

1815ರ ಅಕ್ಟೋಬರ್ 21ರ ಸಂಜೆ. ಸ್ಟೀಫನ್‌ಸನ್, ವುಡ್ ಮತ್ತು ಗಣಿಯ ಮತ್ತೊಬ್ಬ ಮೇಲ್ವಿಚಾರಕ ದೀಪದೊಂದಿಗೆ ಕೆಳಗಿಳಿದರು. ಅನಿಲ ಹೊರಬರುತ್ತಿದ್ದ ಒಂದು ಕಡೆ ಹಲಗೆ ಕಟ್ಟಿ, ಅನಿಲ ಸೇರಿಕೊಳ್ಳುವಂತೆ ಮಾಡಲಾಗಿತ್ತು. ಉರಿಯುವ ಬತ್ತಿ ಅಲ್ಲಿಗೆ ಹೋದರೆ ಸ್ಫೋಟ ಖಂಡಿತ ಎಂದು ಪರೀಕ್ಷಿಸಿದವರು ತಿಳಿಸಿದರು. ಜೊತೆಯವರು ಹಿಂದೆ ಸುರಕ್ಷಿತ ಜಾಗದಲ್ಲಿ ನಿಂತರು. ಸ್ಟೀಫನ್‌ಸನ್ ಒಬ್ಬರೇ ಉರಿಯುವ ದೀಪ ಹಿಡಿದು ಮುಂದೆ ನಡೆದರು. ಬಿರುಕಿನ ಮುಂದೆ ದೀಪ ಚಾಚಿದರು. ಜ್ವಾಲೆ ಒಮ್ಮೆ ಉದ್ದವಾಗಿ ಏರಿತು, ಮಿಣುಕಿತು, ಆರಿತು. ಸ್ಫೋಟವಾಗಲಿಲ್ಲ. ಅವರು ಹಿಂದಿರುಗಿ ಬಂದು, ದೀಪ ಹಚ್ಚಿಕೊಂಡು, ಜೊತೆಯವರನ್ನು ಕರೆದುಕೊಂಡು ಮತ್ತೆ ಹೋಗಿ ತೋರಿಸಿದರು.

ಮನೆಯಲ್ಲಿ ಹನ್ನೆರಡು ವರ್ಷದ ತಾಯಿಯಿಲ್ಲದ ಮಗ, ಕುರುಡು ತಂದೆ. ದೀಪದಲ್ಲಿ ಒಂದು ಸಣ್ಣ ದೋಷವಿದ್ದಿದ್ದರೂ ಅವರು ಹೊರಗೆ ಬರುತ್ತಿರಲಿಲ್ಲ. ತಾನು ಮಾಡಿದ ವಸ್ತುವಿನ ಮೇಲೆ ಇನ್ನೊಬ್ಬ ಕೂಲಿಯ ಪ್ರಾಣವನ್ನು ಪಣಕ್ಕಿಡುವ ಮೊದಲು ತನ್ನದನ್ನು ಇಟ್ಟು ನೋಡಿದವರು ಅವರು. ನವೆಂಬರ್ ತಿಂಗಳಿನಲ್ಲಿ ಇನ್ನೂ ಎರಡು ಬಾರಿ ದೀಪವನ್ನು ಸುಧಾರಿಸಿದರು. ಡಿಸೆಂಬರ್ 5ರಂದು ನ್ಯೂಕ್ಯಾಸಲ್‌ನ ವಿದ್ವಾಂಸರ ಸಂಘದಲ್ಲಿ ಅದನ್ನು ತೋರಿಸಲಾಯಿತು.

ಎರಡು ದೀಪಗಳು, ಒಂದು ಜಗಳ

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇಂಗ್ಲೆಂಡಿನ ಪ್ರಖ್ಯಾತ ರಸಾಯನ ವಿಜ್ಞಾನಿ ಸರ್ ಹಂಫ್ರಿ ಡೇವಿ ಅವರೂ ಇದೇ ಒಗಟನ್ನು ಬಿಡಿಸುತ್ತಿದ್ದರು. ಗಣಿ ಸೀಮೆಯವರ ಕೋರಿಕೆಯ ಮೇರೆಗೆ ಅವರು ಕೆಲಸ ಕೈಗೆತ್ತಿಕೊಂಡಿದ್ದರು. 1815ರ ನವೆಂಬರ್ 9ರಂದು ರಾಯಲ್ ಸೊಸೈಟಿಯಲ್ಲಿ ತಮ್ಮ ಸಂಶೋಧನೆಯನ್ನು ಮಂಡಿಸಿದರು. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಸುತ್ತಿದರೆ ಲೋಹವು ಶಾಖವನ್ನು ಹೀರಿಕೊಂಡು ಹರಡಿಬಿಡುತ್ತದೆ, ಹೊರಗಿನ ಅನಿಲ ಹೊತ್ತಿಕೊಳ್ಳುವಷ್ಟು ಬಿಸಿ ಹೊರಗೆ ದಾಟುವುದಿಲ್ಲ ಎಂಬುದು ಅವರ ದೀಪದ ತತ್ವ. 1816ರ ಜನವರಿಯಲ್ಲಿ ಗಣಿಯಲ್ಲಿ ಅದರ ಪರೀಕ್ಷೆಯಾಯಿತು. ಡೇವಿ ತಮ್ಮ ದೀಪಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ತಯಾರಿಸಲಿ ಎಂದು ಬಿಟ್ಟರು. ಈ ದೊಡ್ಡ ಗುಣವನ್ನು ನಾವು ಮರೆಯಬಾರದು.

ಗಣಿ ಮಾಲೀಕರು ಡೇವಿ ಅವರಿಗೆ ಸುಮಾರು 2000 ಪೌಂಡ್ ಬೆಲೆಯ ಗೌರವ ಸಲ್ಲಿಸಿದರು. ಸ್ಟೀಫನ್‌ಸನ್ ಅವರಿಗೆ 100 ಗಿನಿ ಕೊಟ್ಟರು. ಇಲ್ಲಿಂದ ಜಗಳ ಶುರುವಾಯಿತು. ಅಕ್ಷರ ನೆಟ್ಟಗೆ ಬಾರದ, ವಿಜ್ಞಾನ ಓದದ ಗಣಿಯ ಮೆಕ್ಯಾನಿಕ್ ಒಬ್ಬ ಇಂತಹ ದೀಪ ಮಾಡಲು ಸಾಧ್ಯವೇ ಇಲ್ಲ, ಅದು ಕದ್ದ ವಿಚಾರ ಎಂದು ಡೇವಿ ಮತ್ತು ಅವರ ಬೆಂಬಲಿಗರು ನಂಬಿದರು. ಸ್ಟೀಫನ್‌ಸನ್ ಅವರ ಉತ್ತರ ಸೀಮೆಯ ಒರಟು ಮಾತನ್ನೂ ಹೀಗಳೆದರು. ಆದರೆ ದಿನಾಂಕಗಳು ಬೇರೆಯೇ ಹೇಳುತ್ತಿದ್ದವು. ಡೇವಿ ಲಂಡನ್ನಿನಲ್ಲಿ ಪ್ರಬಂಧ ಓದುವ ಮೊದಲೇ ಕಿಲ್ಲಿಂಗ್‌ವರ್ತ್‌ನ ಗಣಿಯೊಳಗೆ ಸ್ಟೀಫನ್‌ಸನ್ ಅವರ ದೀಪ ಉರಿದಿತ್ತು.

ನ್ಯೂಕ್ಯಾಸಲ್‌ನ ಬೆಂಬಲಿಗರು ವಿಚಾರಣೆ ನಡೆಸಿ, ಸ್ಟೀಫನ್‌ಸನ್ ಸ್ವತಂತ್ರವಾಗಿ ಕೆಲಸ ಮಾಡಿದ್ದಾರೆ ಎಂದು ತೀರ್ಮಾನಿಸಿ 1000 ಪೌಂಡ್ ಕೂಡಿಸಿ ಗೌರವಿಸಿದರು. ಡೇವಿ ಇದನ್ನು ಒಪ್ಪಲಿಲ್ಲ. 1829ರಲ್ಲಿ ತೀರಿಕೊಳ್ಳುವವರೆಗೂ ಅವರ ಮನಸ್ಸು ಬದಲಾಗಲಿಲ್ಲ. 1833ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ದೀಪದ ಆವಿಷ್ಕಾರದಲ್ಲಿ ಇಬ್ಬರಿಗೂ ಸಮಾನ ಹಕ್ಕಿದೆ ಎಂದು ಹೇಳಿತು. ಈಶಾನ್ಯ ಇಂಗ್ಲೆಂಡಿನ ಗಣಿಗಳಲ್ಲಿ ಸ್ಟೀಫನ್‌ಸನ್ ಅವರ ದೀಪ ಜಾರ್ಡಿ ದೀಪ ಎಂಬ ಹೆಸರಿನಿಂದ ಬಹುಕಾಲ ಬಳಕೆಯಲ್ಲಿತ್ತು.

ದೊಡ್ಡ ವಿಜ್ಞಾನಿಯೂ ಎಡವಬಹುದು ಎಂಬುದು ಇಲ್ಲಿ ಕಾಣುತ್ತದೆ. ಡೇವಿ ಎಡವಿದ್ದು ವಿಜ್ಞಾನದಲ್ಲಲ್ಲ. ಎದುರಿಗಿರುವವನ ಬಟ್ಟೆ, ಭಾಷೆ, ಮನೆತನ ನೋಡಿ ಅವನ ಬುದ್ಧಿಯನ್ನು ಅಳೆದದ್ದರಲ್ಲಿ. ಶಿಕ್ಷಕರಾದ ನಾವು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಮಗುವನ್ನು ನೋಡುವಾಗ ಇದನ್ನು ಜ್ಞಾಪಕದಲ್ಲಿಡಬೇಕು.

ದೀಪ ಬಂದರೂ ಸಾವು ನಿಲ್ಲಲಿಲ್ಲ

ದೀಪ ಬಂದ ಮೇಲೆ ಗಣಿಯ ಸಾವುಗಳು ನಿಂತವು ಎಂದು ತಾವು ಭಾವಿಸಬಹುದು. ಹಾಗಾಗಲಿಲ್ಲ. 1835ರ ಪಾರ್ಲಿಮೆಂಟ್ ಸಮಿತಿಯ ಲೆಕ್ಕದ ಪ್ರಕಾರ, ಡರ್‌ಹ್ಯಾಂ ಮತ್ತು ನಾರ್ತಂಬರ್‌ಲ್ಯಾಂಡ್ ಜಿಲ್ಲೆಗಳಲ್ಲಿ ದೀಪ ಬರುವ ಮೊದಲಿನ 18 ವರ್ಷಗಳಲ್ಲಿ 447 ಮಂದಿ ಸತ್ತಿದ್ದರು. ದೀಪ ಬಂದ ನಂತರದ 18 ವರ್ಷಗಳಲ್ಲಿ 538 ಮಂದಿ ಸತ್ತರು. ಅದೇ 1835ರ ಜೂನ್‌ನಲ್ಲಿ ವಾಲ್ಸೆಂಡ್ ಗಣಿಯ ಸ್ಫೋಟದಲ್ಲಿ 102 ಮಂದಿ ಸತ್ತರು.

ಕಾರಣವೇನು? ದೀಪವಿದೆಯಲ್ಲ ಎಂಬ ಧೈರ್ಯದಿಂದ ಮಾಲೀಕರು ಅನಿಲ ತುಂಬಿದ ಕಾರಣಕ್ಕೆ ಬಿಟ್ಟಿದ್ದ ಹಳೆಯ ಸುರಂಗಗಳಿಗೂ ಜನರನ್ನು ಇಳಿಸಿದರು. ಇನ್ನೂ ಆಳಕ್ಕೆ ಹೋದರು. ಗಾಳಿಯಾಡುವ ವ್ಯವಸ್ಥೆಗೆ ಮಾಡಬೇಕಾದ ಖರ್ಚನ್ನು ಉಳಿಸಿದರು. ಕಡಿದಷ್ಟಕ್ಕೆ ಕೂಲಿ ಪಡೆಯುತ್ತಿದ್ದ ಕಾರ್ಮಿಕರು ಬೆಳಕು ಸಾಲದೆಂದು ಜಾಲರಿ ತೆಗೆದು ಕೆಲಸ ಮಾಡಿದರು. ಜೋರು ಗಾಳಿಯಲ್ಲಿ ಡೇವಿ ದೀಪದ ಜಾಲರಿ ಕೆಂಪಗೆ ಕಾದು ಜ್ವಾಲೆ ದಾಟುವ ಭಯವಿತ್ತು. ಜಾರ್ಡಿ ದೀಪ ಅಪಾಯದ ಅನಿಲದಲ್ಲಿ ಆರಿಹೋಗುತ್ತಿದ್ದುದು ಒಳ್ಳೆಯದೇ, ಆದರೆ ಅದರ ಗಾಜು ಒಡೆಯುವ ಅಪಾಯವಿತ್ತು. ಅದಕ್ಕಾಗಿ ಆಮೇಲೆ ಗಾಜಿನ ಹೊರಗೆ ಜಾಲರಿಯನ್ನೂ ಸೇರಿಸಿದರು.

ಒಂದು ಸಾಧನ ಮಾತ್ರದಿಂದ ಪ್ರಾಣ ಉಳಿಯದು. ಶುದ್ಧ ಗಾಳಿ ಬೇಕು, ಕಾನೂನು ಬೇಕು, ಕಾನೂನು ಪಾಲನೆಯನ್ನು ನೋಡುವ ಅಧಿಕಾರಿ ಬೇಕು. ಅದೇ ಸೀಮೆಯ ಗಣಿ ಎಂಜಿನಿಯರ್ ಜಾನ್ ಬಡ್ಲ್ ಸುರಂಗಗಳನ್ನು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ಗಾಳಿ ಹರಿಸುವ ವಿಧಾನವನ್ನು ಬಳಕೆಗೆ ತಂದರು. 1842ರ ಕಾನೂನು ಹೆಂಗಸರು ಮತ್ತು ಹತ್ತು ವರ್ಷದೊಳಗಿನ ಹುಡುಗರು ಗಣಿಗೆ ಇಳಿಯುವುದನ್ನು ನಿಷೇಧಿಸಿತು. 1850ರಲ್ಲಿ ತಪಾಸಣೆ ಅಧಿಕಾರಿಗಳ ನೇಮಕವಾಯಿತು. ನಮ್ಮ ದೇಶದಲ್ಲಿ 1901ರಲ್ಲಿ ಗಣಿ ಕಾನೂನು ಬಂತು, 1902ರಲ್ಲಿ ತಪಾಸಣೆ ಕಚೇರಿ ಆರಂಭವಾಯಿತು. ಇಂದು ಧನಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರ ಮುಂದುವರಿಕೆ. ಈಗ ಜಾರಿಯಲ್ಲಿರುವ ಅನೇಕ ನಿಯಮಗಳ ಹಿಂದೆ ಇಂತಹ ದುರಂತಗಳ ಲೆಕ್ಕವಿದೆ.

ರೈಲಿನ ದಾರಿಯಲ್ಲಿ

ಮುಂದಿನ ಕಥೆ ತಮಗೆ ಗೊತ್ತಿರುವುದೇ. 1814ರಲ್ಲಿ ಕಲ್ಲಿದ್ದಲು ಎಳೆಯಲು ಸ್ಟೀಫನ್‌ಸನ್ ತಮ್ಮ ಮೊದಲ ಎಂಜಿನ್ ಕಟ್ಟಿದ್ದರು. 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್ ಮತ್ತು ಡಾರ್ಲಿಂಗ್‌ಟನ್ ರೈಲು ಮಾರ್ಗ ತೆರೆಯಿತು. ಅದೇ ವರ್ಷ ಲಿವರ್‌ಪೂಲ್ ಮಾರ್ಗದ ಮಸೂದೆಯ ಮೇಲೆ ಪಾರ್ಲಿಮೆಂಟಿನಲ್ಲಿ ವಕೀಲರು ಅವರನ್ನು ಸುತ್ತುವರಿದು ಪ್ರಶ್ನಿಸಿದರು. ಸರ್ವೆಯಲ್ಲಿ ತಪ್ಪುಗಳಿದ್ದವು, ಅವರು ಸರಿಯಾಗಿ ಉತ್ತರಿಸಲಾಗಲಿಲ್ಲ, ಮಸೂದೆ ಬಿದ್ದುಹೋಯಿತು. ಅವರು ಅಲ್ಲಿಗೆ ನಿಲ್ಲಲಿಲ್ಲ. 1829ರ ಅಕ್ಟೋಬರ್‌ನಲ್ಲಿ ರೇನ್‌ಹಿಲ್ ಸ್ಪರ್ಧೆಯಲ್ಲಿ ತಂದೆ ಮಗನ ರಾಕೆಟ್ ಎಂಜಿನ್ 500 ಪೌಂಡ್ ಬಹುಮಾನ ಗೆದ್ದಿತು. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್ ಮ್ಯಾಂಚೆಸ್ಟರ್ ಮಾರ್ಗ ಆರಂಭವಾಯಿತು. ಅವರು ಬಳಸಿದ 4 ಅಡಿ ಎಂಟೂವರೆ ಅಂಗುಲದ ಹಳಿಯ ಅಳತೆ ಇಂದು ಜಗತ್ತಿನ ಬಹುಭಾಗದಲ್ಲಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೆ.ಆರ್. ನಗರಕ್ಕೆ ಮಾತ್ರ ರೈಲು ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರು ಇನ್ನೂ ಬಸ್ಸನ್ನೇ ನೆಚ್ಚಿದ್ದೇವೆ.

ಮಗನ ಪುಸ್ತಕ, ತಂದೆಯ ಪಾಠ

ತಮಗೆ ಸಿಗದ ವಿದ್ಯೆ ಮಗನಿಗೆ ಸಿಗಬೇಕು ಎಂಬುದು ಸ್ಟೀಫನ್‌ಸನ್ ಅವರ ಹಟ. ಮೊದಲು ಹಳ್ಳಿಯ ಶಾಲೆ, ಆಮೇಲೆ ನ್ಯೂಕ್ಯಾಸಲ್‌ನ ಒಳ್ಳೆಯ ಶಾಲೆ. ರಾಬರ್ಟ್ ಕತ್ತೆಯ ಮೇಲೆ ಕುಳಿತು ದಿನವೂ ಶಾಲೆಗೆ ಹೋಗಿ ಬರುತ್ತಿದ್ದ. ಪಟ್ಟಣದ ವಿದ್ವಾಂಸರ ಸಂಘದ ಗ್ರಂಥಾಲಯದಲ್ಲಿ ಓದಿದ್ದನ್ನು, ಬರೆದುಕೊಂಡ ಚಿತ್ರಗಳನ್ನು ಸಂಜೆ ತಂದೆಗೆ ತೋರಿಸುತ್ತಿದ್ದ. ಮಗ ಓದುತ್ತಿದ್ದ, ತಂದೆ ಅರ್ಥ ಮಾಡಿಕೊಳ್ಳುತ್ತಿದ್ದರು. ಒಂದೇ ಶುಲ್ಕದಲ್ಲಿ ಮನೆಯ ಇಬ್ಬರು ಕಲಿತರು.

1816ರಲ್ಲಿ ತಂದೆ ಮಗ ಸೇರಿ ತಮ್ಮ ಮನೆಯ ಬಾಗಿಲ ಮೇಲೆ ಒಂದು ನೆರಳು ಗಡಿಯಾರ ಮಾಡಿ ಕೂರಿಸಿದರು. ಕಿಲ್ಲಿಂಗ್‌ವರ್ತ್‌ನ ಆ ಮನೆ ಈಗಲೂ ಇದೆ. ರಾಬರ್ಟ್ ಮುಂದೆ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸ್ವಲ್ಪ ಕಾಲ ಓದಿ, ತಂದೆಯಷ್ಟೇ ದೊಡ್ಡ ಎಂಜಿನಿಯರ್ ಆದರು. ಇಂಗ್ಲೆಂಡಿನಲ್ಲಿ ದೊಡ್ಡ ಸೇತುವೆಗಳನ್ನು ಕಟ್ಟಿದರು. ಈಜಿಪ್ಟಿನಲ್ಲಿ ಅಲೆಕ್ಸಾಂಡ್ರಿಯಾದಿಂದ ಕೈರೋಗೆ 1850ರ ದಶಕದಲ್ಲಿ ಬಂದ ರೈಲು ಮಾರ್ಗದ ಎಂಜಿನಿಯರ್ ಅವರೇ.

ಕೊನೆಯ ದಿನಗಳು

ಮುಪ್ಪಿನಲ್ಲಿ ಸ್ಟೀಫನ್‌ಸನ್ ಚೆಸ್ಟರ್‌ಫೀಲ್ಡ್ ಬಳಿಯ ಟ್ಯಾಪ್ಟನ್ ಹೌಸ್‌ನಲ್ಲಿ ನೆಲೆಸಿದರು. ತೋಟಗಾರಿಕೆಯಲ್ಲಿ ಆಸಕ್ತಿ ಬೆಳೆಯಿತು. ಸೌತೆಕಾಯಿ ಡೊಂಕಾಗಿ ಬೆಳೆಯುವುದನ್ನು ಕಂಡು, ಗಾಜಿನ ಕೊಳವೆಯೊಳಗೆ ಬೆಳೆಸಿ ನೆಟ್ಟಗೆ ಮಾಡಿದರು. ಸರ್ ಪದವಿ ಬಂದಾಗ ಬೇಡವೆಂದರು. 1847ರಲ್ಲಿ ಸ್ಥಾಪನೆಯಾದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ಮೊದಲ ಅಧ್ಯಕ್ಷರಾದರು. 1848ರ ಆಗಸ್ಟ್ 12ರಂದು, 67ನೆಯ ವಯಸ್ಸಿನಲ್ಲಿ ನಿಧನರಾದರು. 1990ರಿಂದ 2003ರವರೆಗೆ ಇಂಗ್ಲೆಂಡಿನ ಐದು ಪೌಂಡ್ ನೋಟಿನ ಮೇಲೆ ಅವರ ಚಿತ್ರವಿತ್ತು. ವಾರಕ್ಕೆ ಮೂರು ಪೆನ್ನಿ ಕೊಟ್ಟು ಅಕ್ಷರ ಕಲಿತವರ ಮುಖ ಆ ದೇಶದ ಹಣದ ಮೇಲೆ ಬಂತು.

ನಾವು ಕಲಿಯಬೇಕಾದದ್ದು

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಹೊರಗಿನಿಂದ ಬರುತ್ತದೆ. ನಮ್ಮ ಮನೆಯ ದೀಪದ ಹಿಂದೆ ಎಲ್ಲೋ ಒಬ್ಬ ಗಣಿ ಕಾರ್ಮಿಕನ ಬೆವರು ಇದ್ದೇ ಇರುತ್ತದೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆ ಸಿಡಿದು, ಕಲ್ಲಿನ ಧೂಳು ಶ್ವಾಸಕೋಶ ಸೇರಿ ಎಷ್ಟೋ ಕಾರ್ಮಿಕರ ಬಾಳು ಮುಗಿಯಿತು. 2001ರಲ್ಲಿ ಆ ಗಣಿ ಮುಚ್ಚಿತು.

ಗಣಿಯ ಮಾತು ಬಿಡಿ, ನಮ್ಮ ಸುತ್ತಲೇ ನೋಡಿ. ಮರದ ಮಿಲ್ಲಿನ ಗರಗಸ, ಗ್ಯಾರೇಜಿನ ವೆಲ್ಡಿಂಗ್ ಕಿಡಿ, ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿ, ಬೀಡಿ ಕಟ್ಟುವವರ ಮೂಗಿಗೆ ಹೋಗುವ ತಂಬಾಕಿನ ಪುಡಿ. ಇಲ್ಲಿ ದುಡಿಯುವವರು ನಮ್ಮ ಅಣ್ಣತಮ್ಮಂದಿರು, ತಾಯಂದಿರು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಗಾಳಿಗೆ ಕಿಟಕಿ ಇವೆಲ್ಲ ದೊಡ್ಡ ಖರ್ಚಲ್ಲ. ಮುಚ್ಚಿದ ಗುಂಡಿಗೆ, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಿ ಉಸಿರುಗಟ್ಟಿ ಸತ್ತ ಸುದ್ದಿ ಈಗಲೂ ಪತ್ರಿಕೆಗಳಲ್ಲಿ ಬರುತ್ತಿದೆ. ಚರಂಡಿ ಮತ್ತು ಮಲಗುಂಡಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ವಿದ್ಯಾರ್ಥಿಗಳೇ, ತಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರಿಂಗ್, ಐಟಿಐ, ಡಿಪ್ಲೊಮಾ ಸೇರುತ್ತೀರಿ. ಯಂತ್ರ ಎಷ್ಟು ವೇಗವಾಗಿ ಓಡುತ್ತದೆ ಎಂದು ಕಲಿಯುವಾಗ, ಅದರ ಪಕ್ಕದಲ್ಲಿ ನಿಂತವನ ಕೈ ಕಣ್ಣು ಹೇಗೆ ಉಳಿಯುತ್ತದೆ ಎಂದೂ ಕಲಿಯಿರಿ. ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಒಂದೇ. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಯುವಕರಿಗಾಗಿ ಪ್ರತಿ ತಾಲ್ಲೂಕಿನಲ್ಲೂ ಒಂದು ರಾತ್ರಿ ತರಗತಿ ನಡೆಯಲಿ. ಒಂದು ಕೋಣೆ, ಒಂದು ಕಪ್ಪು ಹಲಗೆ, ವಾರಕ್ಕೆ ಮೂರು ಸಂಜೆ ಕೊಡಬಲ್ಲ ಒಬ್ಬ ಶಿಕ್ಷಕ ಇದ್ದರೆ ಸಾಕು. ಸ್ಟೀಫನ್‌ಸನ್ ಅವರಿಗೆ ಸಿಕ್ಕಿದ್ದೂ ಅಷ್ಟೇ.